ಎಂಟೇ ಮಾತು ಅಂದಿರಿ, ನನ್ನ ಲೆಕ್ಕಕ್ಕೆ ಹದಿನಾಲ್ಕು

ಪ್ರಶ್ನೆ: ನನ್ನ ಮಗನಿಗೆ ಈಗ 2 ವರ್ಷ 2 ತಿಂಗಳು. ಎಂಟು ಮಾತು ಮಾತ್ರ ಆಡುತ್ತಾನೆ: ಅಮ್ಮ, ಅಪ್ಪ, ಬಾ, ತಾ, ಬೇಡ, ಹಾಲು, ಬಿತ್ತು, ಟಾಟಾ. ನಾಯಿಗೆ ಬೌ ಬೌ, ಬಸ್ಸಿಗೆ ಡುರ್ರ್ ಅನ್ನುತ್ತಾನೆ, ಅವು ಮಾತಲ್ಲ ಅಲ್ವಾ? ನಮ್ಮ ಮನೆಮಾತು ತೆಲುಗು. ಸ್ಕೂಲಿಗೆ ಅನುಕೂಲ ಆಗಲಿ ಅಂತ ನಾವಿಬ್ಬರೂ ಅವನ ಜೊತೆ ಕನ್ನಡ ಮಾತಾಡುತ್ತೇವೆ. ಅಜ್ಜಿ ಜೊತೆ ಅವ್ವ, ನೀಲು, ಬುವ್ವ, ವದ್ದು ಅಂತಾನೆ, ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ. 34 ವಾರಕ್ಕೇ ಹುಟ್ಟಿದ, ತೂಕ 1.8 ಕೆಜಿ. 11 ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕಾಮಾಲೆ ಅಂತ ಲೈಟಿನ ಕೆಳಗೂ ಇಟ್ಟಿದ್ದರು. ಗಂಡ ನನ್ನ ಸೋದರತ್ತೆಯ ಮಗ. ಅವರೂ ನಾಲ್ಕು ವರ್ಷಕ್ಕೇ ಮಾತಾಡಿದ್ದಂತೆ. ಅದಕ್ಕೆ ಅತ್ತೆ ‘ಗಂಡು ಮಕ್ಕಳು ನಿಧಾನ, ಬಜೆ ತೇಯ್ದು ನೆಕ್ಕಿಸೋಣ’ ಅಂತಾರೆ. ನಾನು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವುದೇ ಕಾರಣ ಅಂತ ಓಣಿಯವರು. ಎರಡು ಭಾಷೆ ಬೇಡ ಅಂತ ಪ್ಲೇಹೋಮಿನವರು. ಊಟ ಮಾಡಿಸುವಾಗ ಫೋನ್ ಕೊಡುತ್ತೇವೆ. ಹೇಳಿದ್ದು ಅರ್ಥ ಆಗುತ್ತೆ, ‘ಚಪ್ಪಲಿ ತಾ’ ಅಂದರೆ ತರುತ್ತಾನೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆ. ಕೆಲವು ಸಲ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಇಷ್ಟರಲ್ಲಿ ಯಾವುದು ಕಾರಣ? ಮೂರು ವರ್ಷದ ತನಕ ಕಾಯಬಹುದಾ?
– ಒಬ್ಬ ತಾಯಿ, ಚಳ್ಳಕೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕಾಯಬೇಡಿ. ಗಾಬರಿಯೂ ಆಗಬೇಡಿ. ಈ ತಿಂಗಳು ಮುಗಿಯುವುದರೊಳಗೆ ಮಗನ ಕಿವಿ ಪರೀಕ್ಷೆ ಮಾಡಿಸಿ. ಉಳಿದದ್ದೆಲ್ಲ ಆಮೇಲೆ. ಯಾಕೆ ಕಿವಿಯಿಂದ ಶುರು ಅಂತ ಮುಂದೆ ಹೇಳುತ್ತೇನೆ.

ನೀವು ಕಾಗದದಲ್ಲಿ ಏಳೆಂಟು ಆಪಾದಿತರನ್ನು ಸಾಲಾಗಿ ನಿಲ್ಲಿಸಿದ್ದೀರಿ. ಅವಧಿಗೆ ಮುಂಚೆ ಹುಟ್ಟಿದ್ದು, ಕಾಮಾಲೆ, ಸಂಬಂಧದಲ್ಲಿ ಮದುವೆ, ಗಂಡ ತಡವಾಗಿ ಮಾತಾಡಿದ್ದು, ಎರಡು ಭಾಷೆ, ಫೋನ್, ನಿಮ್ಮ ಕೆಲಸ. ಇವರಲ್ಲಿ ಕಳ್ಳ ಯಾರು ಅಂತ ಕೇಳುತ್ತಿದ್ದೀರಿ. ನಮ್ಮ ವೃತ್ತಿಯಲ್ಲಿ ಇವುಗಳಲ್ಲಿ ಕೆಲವನ್ನು ‘ರಿಸ್ಕ್ ಫ್ಯಾಕ್ಟರ್’ ಅಂತ ಕರೆಯುತ್ತೇವೆ. ಕಾರಣ ಅನ್ನುವುದಿಲ್ಲ. ವ್ಯತ್ಯಾಸ ನಿಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ. ಮಳೆ ಕೈಕೊಟ್ಟ ವರ್ಷ ಶೇಂಗಾ ಹೋಗುವ ಸಾಧ್ಯತೆ ಜಾಸ್ತಿ. ಆದರೂ ಪಕ್ಕದ ಹೊಲದವನಿಗೆ ಒಂದಿಷ್ಟು ಬಂದಿರುತ್ತದೆ, ಒಳ್ಳೆ ಮಳೆ ವರ್ಷವೂ ಯಾರದೋ ಬೆಳೆ ಕೊಳೆತಿರುತ್ತದೆ. ಮಣ್ಣು, ಬೀಜ, ರೋಗ, ಬಿತ್ತಿದ ಹೊತ್ತು ಎಲ್ಲ ಸೇರಿ ಒಂದು ಫಸಲು. ಮಾತೂ ಹಾಗೇ. ಒಂದು ಅಂಶ ಇದ್ದರೆ ಸಾಧ್ಯತೆ ಸ್ವಲ್ಪ ಏರುತ್ತದೆ. ಮೂರು ನಾಲ್ಕು ಒಟ್ಟಿಗೆ ಇದ್ದರೆ ಇನ್ನಷ್ಟು ಏರುತ್ತದೆ. ಇಂಥದ್ದರಿಂದಲೇ ಹೀಗಾಯಿತು ಅಂತ ಒಂದೇ ಮಗುವನ್ನು ಮುಂದೆ ಕೂರಿಸಿಕೊಂಡು ಬೆರಳು ಮಾಡಿ ತೋರಿಸುವುದು ಎಷ್ಟೋ ಸಲ ಆಗುವುದಿಲ್ಲ.

ಹಾಗಾದರೆ ಈ ಪಟ್ಟಿ ಯಾಕೆ ಬೇಕು? ಯಾವ ಮಗುವನ್ನು ಬೇಗ ನೋಡಬೇಕು, ಯಾವ ಪರೀಕ್ಷೆ ಮೊದಲು ಮಾಡಬೇಕು ಅಂತ ತಿಳಿಯಲು. ಯಾರ ತಪ್ಪು ಅಂತ ತೀರ್ಮಾನಿಸಲು ಅಲ್ಲ.

ಈಗ ಎಣಿಕೆಗೆ ಬರೋಣ. ನೀವು ಎಂಟು ಅಂದಿರಿ. ನಾನು ಹದಿನಾಲ್ಕು ಎಣಿಸಿದೆ. ಬೌ ಬೌ ಮಾತೇ. ಅವನು ನಾಯಿ ಕಂಡಾಗಲೆಲ್ಲ ಅದನ್ನೇ ಅಂದರೆ, ಬೆಕ್ಕಿಗೆ ಅನ್ನದಿದ್ದರೆ, ಅದು ಪಕ್ಕಾ ಒಂದು ಶಬ್ದ. ಡುರ್ರ್ ಕೂಡ ಹಾಗೇ. ಅಜ್ಜಿಯ ಜೊತೆ ಆಡುವ ನಾಲ್ಕು ತೆಲುಗು ಮಾತೂ ಲೆಕ್ಕಕ್ಕೆ ಬರುತ್ತವೆ. ನೀಳ್ಳು ಅನ್ನುವುದನ್ನು ನೀಲು ಅಂದರೂ ಸರಿಯೇ. ಎರಡು ವರ್ಷದವನಿಗೆ ಉಚ್ಚಾರಣೆ ಸರಿ ಇರಬೇಕೆಂದಿಲ್ಲ. ಇನ್ನೊಂದು ವಿಷಯ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅನಿಸುತ್ತದೆ. ನಿಮಗೆ ‘ಬೇಡ’ ಅನ್ನುತ್ತಾನೆ, ಅಜ್ಜಿಗೆ ‘ವದ್ದು’ ಅನ್ನುತ್ತಾನೆ. ಯಾರಿಗೆ ಯಾವ ಭಾಷೆ ಅಂತ ಅವನಿಗೆ ಗೊತ್ತು. ಎಣಿಕೆಗಿಂತ ನನಗೆ ಇದೇ ಹೆಚ್ಚು ಖುಷಿ ಕೊಟ್ಟಿದ್ದು.

ವಯಸ್ಸನ್ನೂ ಸ್ವಲ್ಪ ತಿದ್ದಬೇಕು. 40 ವಾರಕ್ಕೆ ಹುಟ್ಟಬೇಕಾದವನು 34ಕ್ಕೆ ಹುಟ್ಟಿದ. ಅಂದರೆ ಆರು ವಾರ ಮುಂಚೆ. ಇಂಥ ಮಕ್ಕಳ ಬೆಳವಣಿಗೆಯನ್ನು ಸುಮಾರು ಎರಡು ವರ್ಷದ ತನಕ ಆ ವಾರಗಳನ್ನು ಕಳೆದೇ ನೋಡುವುದು ರೂಢಿ. ಹಾಗೆ ನೋಡಿದರೆ ಅವನಿಗೆ ಈಗಷ್ಟೇ ಎರಡು ತುಂಬಿದೆ.

ಆದರೆ ಹದಿನಾಲ್ಕು ಸಾಲುತ್ತದೆಯೇ? ಇಲ್ಲ. ಸುಳ್ಳು ಸಮಾಧಾನ ಹೇಳುವುದಿಲ್ಲ. ಎರಡು ವರ್ಷಕ್ಕೆ ಸುಮಾರು 50 ಶಬ್ದ, ಜೊತೆಗೆ ‘ಅಮ್ಮ ಬಾ’, ‘ಹಾಲು ಬೇಡ’ ಅಂತ ಎರಡು ಶಬ್ದ ಕೂಡಿಸುವುದು: ಇದು ನಾವು ನೋಡುವ ಗೆರೆ. ಎಲ್ಲ ಭಾಷೆಯೂ ಸೇರಿ 50. ಅವನು ಆ ಗೆರೆಗಿಂತ ಸಾಕಷ್ಟು ಕೆಳಗಿದ್ದಾನೆ. ಇಂಥ ಮಕ್ಕಳನ್ನು ‘ಲೇಟ್ ಟಾಕರ್’ ಅನ್ನುತ್ತೇವೆ. ಎರಡು ವರ್ಷದ ನೂರು ಮಕ್ಕಳಲ್ಲಿ ಸುಮಾರು 10–15 ಮಕ್ಕಳು ಹೀಗಿರುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂರು ನಾಲ್ಕು ವರ್ಷದ ಹೊತ್ತಿಗೆ ತಾವಾಗಿಯೇ ಓಣಿ ಮಕ್ಕಳ ಜೊತೆ ಸರಿಸಮ ಆಗಿಬಿಡುತ್ತಾರೆ. ಉಳಿದವರು ಆಗುವುದಿಲ್ಲ. ತೊಂದರೆ ಏನೆಂದರೆ, ಎರಡನೇ ವರ್ಷದಲ್ಲಿ ಯಾವ ಮಗು ಯಾವ ಗುಂಪಿನದು ಅಂತ ಹಣೆ ನೋಡಿ ಹೇಳಲು ಬರುವುದಿಲ್ಲ. ಕೆಲವು ಸುಳಿವು ಮಾತ್ರ ಇವೆ. ಹೇಳಿದ್ದು ಅರ್ಥವಾಗುತ್ತದೆಯೇ? ಬೆರಳು ಮಾಡಿ ತೋರಿಸುತ್ತಾನೆಯೇ? ಕೈಸನ್ನೆ ಮಾಡುತ್ತಾನೆಯೇ? ಗೊಂಬೆಗೆ ಊಟ ಮಾಡಿಸುವಂಥ ಆಟ ಆಡುತ್ತಾನೆಯೇ? ಇವು ಇದ್ದರೆ ದಾರಿ ಸಲೀಸು. ನಿಮ್ಮ ಮಗನಿಗೆ ಮೊದಲ ಎರಡು ಇವೆ.

‘ಚಪ್ಪಲಿ ತಾ’ ಅನ್ನುವುದನ್ನು ಮಾತ್ರ ಒಮ್ಮೆ ಬೇರೆ ಥರ ಮಾಡಿ ನೋಡಿ. ಕೈ ತೋರಿಸಬೇಡಿ, ಚಪ್ಪಲಿ ಕಡೆ ನೋಡಲೂಬೇಡಿ, ಹೊರಗೆ ಹೊರಟ ಹೊತ್ತೂ ಬೇಡ. ಸಂಜೆ ಸುಮ್ನೆ ಕೂತಾಗ, ಬಾಯಿಗೆ ಸೆರಗು ಅಡ್ಡ ಹಿಡಿದು, ‘ಅಪ್ಪನ ಚಪ್ಪಲಿ ತಾ’ ಅನ್ನಿ. ಆಗಲೂ ತಂದರೆ ಅರ್ಥ ಆಗಿದೆ ಅಂತ. ತರದಿದ್ದರೆ ಇಷ್ಟು ದಿನ ಅವನು ನಿಮ್ಮ ಕಣ್ಣು, ಕೈ, ಸಂದರ್ಭ ನೋಡಿ ಊಹಿಸುತ್ತಿದ್ದಿರಬಹುದು. ಮಕ್ಕಳು ಇದರಲ್ಲಿ ಭಾರಿ ಚುರುಕು. ಎಷ್ಟೋ ತಾಯಂದಿರು ‘ಎಲ್ಲ ಅರ್ಥ ಆಗುತ್ತೆ ಮೇಡಂ’ ಅಂದಿದ್ದು ಈ ಒಂದು ಪರೀಕ್ಷೆಯಲ್ಲಿ ಬಿದ್ದುಹೋಗಿದ್ದನ್ನು ನೋಡಿದ್ದೇನೆ.

ಇನ್ನು ಕಿವಿ. ನಿಮ್ಮ ಪಟ್ಟಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಫೋನಿನದಲ್ಲ, ಭಾಷೆಯದಲ್ಲ. ‘ಕೆಲವು ಸಲ ಹಿಂದಿನಿಂದ ಕರೆದರೆ ತಿರುಗುವುದಿಲ್ಲ’ ಅನ್ನುವ ಸಾಲು. ಎರಡು ವರ್ಷದ ಹುಡುಗ ಆಟದಲ್ಲಿ ಮುಳುಗಿದ್ದರೆ ತಿರುಗದಿರುವುದು ಮಾಮೂಲು. ಆದರೆ ಅದರ ಹಿಂದೆ 11 ದಿನದ ಗಾಜಿನ ಪೆಟ್ಟಿಗೆ ಇದೆ, ಕಾಮಾಲೆ ಇದೆ, ಸೋದರ ಸಂಬಂಧದ ಮದುವೆ ಇದೆ. ಈ ಮೂರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮನೆ ಬಾಗಿಲು ತಟ್ಟುತ್ತವೆ. ಆ ಮನೆ ಕಿವಿ.

ಶಿಶು ತೀವ್ರ ನಿಗಾ ಘಟಕದಲ್ಲಿ ಐದು ದಿನಕ್ಕಿಂತ ಜಾಸ್ತಿ ಇದ್ದ ಮಕ್ಕಳನ್ನು ಶ್ರವಣ ತಜ್ಞರು ಎಲ್ಲ ಕಡೆಯೂ ಪ್ರತ್ಯೇಕ ಗುಂಪಾಗಿ ನೋಡುತ್ತಾರೆ. ಪೆಟ್ಟಿಗೆಯೇನೂ ಕಿವಿಗೆ ಕೆಟ್ಟದ್ದಲ್ಲ. ಅಲ್ಲಿಗೆ ಹೋಗಬೇಕಾದ ಸ್ಥಿತಿ ಮತ್ತು ಅಲ್ಲಿ ಕೊಡಬೇಕಾದ ಚಿಕಿತ್ಸೆ ಎರಡೂ ಕಿವಿಗೆ ಭಾರ. ಉಸಿರಿನ ತೊಂದರೆಯಿಂದ ಆಮ್ಲಜನಕ ಕಡಿಮೆ ಆಗಿರಬಹುದು. ಸೋಂಕಿಗೆ ಜೆಂಟಾಮೈಸಿನ್, ಅಮಿಕಾಸಿನ್ ಥರದ ಇಂಜೆಕ್ಷನ್ ಕೊಟ್ಟಿರಬಹುದು. ಜೀವ ಉಳಿಸುವ ಔಷಧಿಗಳು ಅವು, ಕೊಡಲೇಬೇಕು. ಆದರೆ ಐದು ದಿನ ಮೀರಿದರೆ ಒಳಗಿವಿಯ ಸೂಕ್ಷ್ಮ ಕೋಶಗಳನ್ನು ಕೆಲವು ಮಕ್ಕಳಲ್ಲಿ ಕೆಡಿಸುತ್ತವೆ. ನಿಮ್ಮ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಹೆಸರು, ದಿನ ಎರಡೂ ಅದರಲ್ಲಿ ಇರುತ್ತವೆ.

ಕಾಮಾಲೆ ಬಗ್ಗೆ ಸ್ವಲ್ಪ ಸಮಾಧಾನ. ಬರೀ ಲೈಟಿನ ಕೆಳಗೆ ಇಟ್ಟು ಇಳಿದಿದ್ದರೆ ಸಾಮಾನ್ಯವಾಗಿ ಅಷ್ಟು ಚಿಂತೆ ಇಲ್ಲ. ಮಗುವಿನ ರಕ್ತವನ್ನೇ ಬದಲಿಸಬೇಕಾಗಿ ಬಂದಿತ್ತೇ? ಆ ಮಟ್ಟದ ಕಾಮಾಲೆ ಕಿವಿಯಿಂದ ಮಿದುಳಿಗೆ ಹೋಗುವ ನರದ ದಾರಿಯನ್ನೇ ಕೆಡಿಸಬಲ್ಲದು. ಹಾಗಾದಾಗ ವಿಚಿತ್ರವೊಂದು ನಡೆಯುತ್ತದೆ. ಕಿವಿ ಸದ್ದನ್ನು ಹಿಡಿಯುತ್ತದೆ, ನರ ಅದನ್ನು ಕಲಸುಮೇಲೋಗರ ಮಾಡಿ ಕಳಿಸುತ್ತದೆ. ಮಗು ಸದ್ದಿಗೆ ತಿರುಗುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ.

ಈ ಕಾರಣಕ್ಕೇ ಪರೀಕ್ಷೆಯ ಹೆಸರು ಕೇಳಿ ತಿಳಿದುಕೊಳ್ಳಿ. ಕಿವಿಯೊಳಗೆ ಸಣ್ಣ ರಬ್ಬರ್ ತುದಿ ಇಟ್ಟು ಒಂದೆರಡು ನಿಮಿಷದಲ್ಲಿ ಮುಗಿಸುವುದು ಓಎಇ. ಅದು ಒಳಗಿವಿಯ ಕೋಶಗಳನ್ನು ಮಾತ್ರ ನೋಡುತ್ತದೆ, ನರವನ್ನು ನೋಡುವುದಿಲ್ಲ. ಹಣೆಗೆ, ಕಿವಿ ಹಿಂದೆ ತಂತಿ ಅಂಟಿಸಿ, ಮಗು ಮಲಗಿದ್ದಾಗ ಮಾಡುವುದು ಬೆರಾ. ಅದು ನರದ ದಾರಿಯನ್ನೂ ನೋಡುತ್ತದೆ. ನಿಗಾ ಘಟಕದಲ್ಲಿ ಇದ್ದ ಮಗುವಿಗೆ ಬರೀ ಓಎಇ ಪಾಸ್ ಆದರೆ ಸಾಲದು, ಬೆರಾ ಬೇಕು. ‘ಹುಟ್ಟಿದಾಗಲೇ ಕಿವಿ ಟೆಸ್ಟ್ ಆಗಿದೆ, ಪಾಸ್’ ಅಂತ ಚೀಟಿಯಲ್ಲಿ ಬರೆದಿದ್ದರೂ ಈಗ ಮತ್ತೊಮ್ಮೆ ಮಾಡಿಸಿ. ಕೆಲವು ಶ್ರವಣ ದೋಷ ಹುಟ್ಟಿದಾಗ ಇರುವುದಿಲ್ಲ, ಒಂದೆರಡು ವರ್ಷದಲ್ಲಿ ನಿಧಾನಕ್ಕೆ ಬರುತ್ತದೆ.

ತಟ್ಟೆ ಬಡಿದು, ಬಾಗಿಲು ತಟ್ಟಿ ಮನೆಯಲ್ಲೇ ಪರೀಕ್ಷೆ ಮಾಡುವವರು ತುಂಬ ಮಂದಿ. ನಾನೂ ಒಮ್ಮೆ ಅದನ್ನೇ ನಂಬಿ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಎರಡು ವರ್ಷದ ಒಬ್ಬ ಹುಡುಗಿಯನ್ನು ಕರೆತಂದಿದ್ದರು. ನಗುಮುಖ, ಚೂಟಿ. ಹಿಂದೆ ಬಾಗಿಲು ಬಡಿದಾಗ ತಿರುಗಿದಳು. ‘ಆರು ತಿಂಗಳು ನೋಡೋಣ’ ಅಂದು ಕಳಿಸಿದೆ. ಅವರು ಬಂದಿದ್ದು ಒಂದೂವರೆ ವರ್ಷ ಬಿಟ್ಟು. ಎರಡೂ ಕಿವಿಯಲ್ಲಿ ಮಧ್ಯಮ ಮಟ್ಟದ ದೋಷ ಇತ್ತು. ಬಾಗಿಲಿನ ದಡ್ ಸದ್ದು ಕೇಳಿಸುತ್ತಿತ್ತು. ಸ, ಶ, ತ, ಕ ಥರದ ತೆಳು ಸದ್ದುಗಳು ಕೇಳಿಸುತ್ತಿರಲಿಲ್ಲ. ಹೀಗೆ ಕೇಳಿಸುವ ಮಗುವಿಗೆ ‘ತಟ್ಟೆ’ ಅಂದರೂ ‘ಅ…ಎ’, ‘ಸಕ್ಕರೆ’ ಅಂದರೂ ‘ಅ…ಅ…ಎ’. ಅದರಿಂದ ಮಾತು ಕಟ್ಟಿಕೊಳ್ಳುವುದು ಹೇಗೆ? ಆಮೇಲೆ ಶ್ರವಣ ಸಾಧನ ಹಾಕಿದೆವು, ಚೆನ್ನಾಗಿಯೇ ಕಲಿತಳು. ಆದರೆ ಆ ಒಂದೂವರೆ ವರ್ಷವನ್ನು ನಾನು ಅವಳಿಗೆ ವಾಪಸ್ ಕೊಡಲಾಗಲಿಲ್ಲ. ಅವತ್ತಿನಿಂದ ‘ನೋಡೋಣ’ ಅನ್ನುವ ಮಾತನ್ನು ಕಿವಿ ವರದಿ ಕೈಗೆ ಬಂದ ಮೇಲಷ್ಟೇ ಆಡುತ್ತೇನೆ.

ಸಂಬಂಧದಲ್ಲಿ ಮದುವೆ. ಇದನ್ನು ಬರೆಯುವಾಗ ನಿಮ್ಮ ಪೆನ್ನು ಸ್ವಲ್ಪ ತಡೆದಿರಬೇಕು ಅಂದುಕೊಳ್ಳುತ್ತೇನೆ. ಮುಜುಗರ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಂಬಂಧದಲ್ಲೇ ಆದವು. ನಮ್ಮ ಕಡೆ ಇದು ಹೊಸದಲ್ಲ. ಲೆಕ್ಕ ಹೀಗಿದೆ. ಪ್ರತಿಯೊಬ್ಬರ ಮೈಯಲ್ಲೂ ಒಂದಿಷ್ಟು ಕೆಟ್ಟ ವಂಶವಾಹಿಗಳು ಮಲಗಿರುತ್ತವೆ. ಒಂದೇ ಪ್ರತಿ ಇದ್ದರೆ ಏನೂ ಆಗುವುದಿಲ್ಲ. ಅದೇ ವಂಶವಾಹಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದು ಜೋಡಿಯಾದರೆ ಎದ್ದು ನಿಲ್ಲುತ್ತದೆ. ಸೋದರತ್ತೆ, ಸೋದರಮಾವನ ಮಕ್ಕಳು ಸುಮಾರು ಎಂಟನೇ ಒಂದು ಪಾಲು ವಂಶವಾಹಿಗಳನ್ನು ಹಂಚಿಕೊಂಡಿರುತ್ತಾರೆ. ಸ್ವಂತ ಸೋದರಮಾವನನ್ನೇ ಮದುವೆಯಾದರೆ ನಾಲ್ಕನೇ ಒಂದು ಪಾಲು. ಹಾಗಾಗಿ ಜೋಡಿಯಾಗುವ ಸಾಧ್ಯತೆ ಏರುತ್ತದೆ. ಹುಟ್ಟಿನಿಂದ ಬರುವ ಶ್ರವಣ ದೋಷಕ್ಕೆ ಕಾರಣವಾಗುವ ವಂಶವಾಹಿಗಳಲ್ಲಿ ಹೆಚ್ಚಿನವು ಹೀಗೆ ಜೋಡಿಯಾದಾಗಲೇ ಕೆಲಸ ಕೆಡಿಸುವಂಥವು. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಜಿಜೆಬಿ2 ಅನ್ನುವುದು. ಗಂಡ ಹೆಂಡತಿ ಇಬ್ಬರಲ್ಲೂ ಅದು ಮಲಗಿದ್ದರೆ ಪ್ರತಿ ಬಸಿರಿನಲ್ಲೂ ದೋಷದ ಸಾಧ್ಯತೆ ನೂರಕ್ಕೆ 25. ‘ಮೊದಲ ಮಗುವಿಗೆ ಆಯಿತು, ಎರಡನೆಯದಕ್ಕೆ ಆಗಲ್ಲ’ ಅನ್ನುವ ಲೆಕ್ಕ ತಪ್ಪು. ಪ್ರತಿ ಸಲವೂ ಹೊಸದಾಗಿ ನೂರಕ್ಕೆ 25.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಮಂದಿ ಚೆನ್ನಾಗಿ ಕೇಳುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ. ಆಗಿಹೋದ ಮದುವೆಯ ಬಗ್ಗೆ ಈಗ ಮನೆಯಲ್ಲಿ ಪಂಚಾಯ್ತಿ ಕೂರಿಸಬೇಡಿ. ಪರೀಕ್ಷೆಯಲ್ಲಿ ದೋಷ ಕಂಡರೆ ಮಾತ್ರ, ಇನ್ನೊಂದು ಮಗುವಿನ ಯೋಚನೆ ಇದ್ದರೆ, ವಂಶವಾಹಿ ತಜ್ಞರನ್ನು ಒಮ್ಮೆ ಕಾಣಿ.

ಕಿವಿ ಬಿಡುವ ಮುಂಚೆ ಒಂದು ಮಾತು. ನೆಗಡಿ ಆದಾಗಲೆಲ್ಲ ಕಿವಿ ಸೋರುತ್ತದೆಯೇ? ಸೋರದಿದ್ದರೂ ತೊಂದರೆ ಇರಬಹುದು. ಕಿವಿ ತಮಟೆಯ ಹಿಂದೆ ಅಂಟು ನೀರು ತುಂಬಿಕೊಂಡರೆ ನೋವೂ ಇರುವುದಿಲ್ಲ, ಸೋರುವುದೂ ಇಲ್ಲ. ಮಗುವಿಗೆ ಕಿವಿಗೆ ಹತ್ತಿ ಇಟ್ಟ ಹಾಗೆ ಕೇಳಿಸುತ್ತದೆ. ಒಂದು ದಿನ ಕೇಳುತ್ತದೆ, ಇನ್ನೊಂದು ದಿನ ಇಲ್ಲ. ನಿಮ್ಮ ‘ಕೆಲವು ಸಲ’ ಇದೂ ಆಗಿರಬಹುದು. ವಾಸಿಯಾಗುವಂಥದ್ದು. ದಯವಿಟ್ಟು ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ. ಎಣ್ಣೆ ಗಿರಣಿಗಳ ಊರಿನವರಿಗೆ ಹೀಗೆ ಹೇಳುವುದು ಕಷ್ಟ, ಆದರೂ ಬೇಡ.

ತೂಕ ಮತ್ತು ವಾರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 37 ವಾರಕ್ಕೆ ಮುಂಚೆ ಹುಟ್ಟುವುದು, 2.5 ಕೆಜಿಗಿಂತ ಕಡಿಮೆ ಇರುವುದು, ಎರಡೂ ಮಾತಿನ ಬೆಳವಣಿಗೆಗೆ ಅಪಾಯದ ಅಂಶಗಳೇ. ಆದರೆ ಎಷ್ಟು ಮುಂಚೆ, ಎಷ್ಟು ಕಡಿಮೆ ಅನ್ನುವುದರ ಮೇಲೆ ಅಪಾಯ ಏರುತ್ತದೆ. 28 ವಾರದ, 1 ಕೆಜಿಯ ಮಗುವಿನ ಕಥೆ ಬೇರೆ. 34 ವಾರ, 1.8 ಕೆಜಿ ಅಂದರೆ ನಡುವಿನ ಮೆಟ್ಟಿಲು. ಹುಟ್ಟಿದ ತಕ್ಷಣ ಅತ್ತನೇ ಅನ್ನುವುದು ಇನ್ನೂ ಮುಖ್ಯ. ನೀವು ಅದನ್ನು ಬರೆದಿಲ್ಲ. ಅಳುವುದು ತಡವಾಗಿ, ಮಗು ನೀಲಿಗಟ್ಟಿ, ಆಮೇಲೆ ಫಿಟ್ಸ್ ಬಂದಿದ್ದರೆ ಅದನ್ನು ತಜ್ಞರಿಗೆ ಹೇಳಲೇಬೇಕು. ರಕ್ತಹೀನತೆಯನ್ನೂ ನೋಡಿಸಿ. ಅದೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತ ಕಡಿಮೆ ಇದೆ. ಮುಂಚೆ ಹುಟ್ಟಿದವರಿಗೆ ಕಬ್ಬಿಣದ ದಾಸ್ತಾನು ಮೊದಲೇ ಕಮ್ಮಿ. ಜೊತೆಗೆ ಥೈರಾಯ್ಡ್ ಒಮ್ಮೆ.

ಈಗ ನಿಮ್ಮ ಅತ್ತೆಯವರ ಮಾತು. ‘ಅವರಪ್ಪನೂ ಹೀಗೇ ಇದ್ದ, ನಾಲ್ಕಕ್ಕೆ ಮಾತಾಡಿದ, ಈಗ ನೋಡು’. ಈ ಮಾತು ಕೇಳದ ದಿನವೇ ಇಲ್ಲ ನನಗೆ. ತಮಾಷೆ ಏನೆಂದರೆ, ಅಜ್ಜಿಯರು ಸಮಾಧಾನಕ್ಕೆ ಹೇಳುವ ಈ ಮಾತೇ ನಮ್ಮ ಕಡತದಲ್ಲಿ ಎಚ್ಚರಿಕೆಯ ಗುರುತು. ತಡವಾಗಿ ಮಾತು ಬರುವುದು ಮನೆತನದಲ್ಲಿ ಹರಿದು ಬರುತ್ತದೆ. ಅಧ್ಯಯನಗಳಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿ ನಿಲ್ಲುವ ಅಂಶಗಳಲ್ಲಿ ಇದೂ ಒಂದು. ‘ಗಂಡು ಮಕ್ಕಳು ನಿಧಾನ’ ಅನ್ನುವುದೂ ಅರ್ಧ ನಿಜ. ಮಾತು ತಡವಾದ ಮಕ್ಕಳಲ್ಲಿ ಗಂಡು ಮಕ್ಕಳು ಹೆಣ್ಣು ಮಕ್ಕಳ ಎರಡರಷ್ಟಾದರೂ ಇರುತ್ತಾರೆ. ಆದರೆ ಗಂಡು ಅನ್ನುವುದು ಕಾಯುವುದಕ್ಕೆ ಕಾರಣ ಅಲ್ಲ. ಸಾಮಾನ್ಯ ಗಂಡು ಮಗು ಸಾಮಾನ್ಯ ಹೆಣ್ಣು ಮಗುವಿಗಿಂತ ಒಂದೆರಡು ತಿಂಗಳು ಹಿಂದೆ ಇದ್ದೀತು, ಒಂದು ವರ್ಷವಲ್ಲ.

ನಿಮ್ಮ ಗಂಡನನ್ನು ಒಂದು ವಿಷಯ ಕೇಳಿ, ಒಬ್ಬರೇ ಇದ್ದಾಗ. ಶಾಲೆಯಲ್ಲಿ ಓದು ಹೇಗಿತ್ತು? ಕಾಗುಣಿತ ಕಲಿಯಲು, ಗಟ್ಟಿಯಾಗಿ ಓದಲು, ಕಥೆಯನ್ನು ಸ್ವಂತ ಮಾತಲ್ಲಿ ಹೇಳಲು ಕಷ್ಟ ಆಗುತ್ತಿತ್ತೇ? ಕಿವಿ, ಬುದ್ಧಿ ಎಲ್ಲ ಸರಿ ಇದ್ದೂ ಭಾಷೆ ಮಾತ್ರ ಕಷ್ಟವಾಗುವ ಮಕ್ಕಳು ಶಾಲೆಗೆ ಸೇರುವ ವಯಸ್ಸಿನಲ್ಲಿ ನೂರಕ್ಕೆ ಸುಮಾರು 7 ಇರುತ್ತಾರೆ. ಅವರು ಮಾತಾಡಲು ಕಲಿಯುತ್ತಾರೆ. ಎಲ್ಲರೂ ‘ಸರಿಹೋಯ್ತು’ ಅಂದುಕೊಳ್ಳುತ್ತಾರೆ. ಆಮೇಲೆ ಮೂರನೇ ಕ್ಲಾಸಿನಲ್ಲಿ ಓದು ಕೈಕೊಡುತ್ತದೆ. ‘ಈಗ ನೋಡು ಹೇಗೆ ಮಾತಾಡ್ತಾನೆ’ ಅನ್ನುವ ಕಥೆಯಲ್ಲಿ ಈ ನಡುವಿನ ಪುಟ ಹರಿದುಹೋಗಿರುತ್ತದೆ.

ಎರಡು ಭಾಷೆ. ಇದನ್ನು ಪಟ್ಟಿಯಿಂದ ಹೊಡೆದು ಹಾಕಿ. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಒಂದೊಂದು ಭಾಷೆಯಲ್ಲಿ ಶಬ್ದ ಕಡಿಮೆ ಕಾಣಬಹುದು, ಒಟ್ಟು ಲೆಕ್ಕ ಸಮ ಇರುತ್ತದೆ. ನೀವೇ ಎಂಟು ಎಣಿಸಿ, ಆರನ್ನು ಬಿಟ್ಟಿರಲಿಲ್ಲವೇ? ಮಂಗಳೂರಿನಲ್ಲಿ ಮನೆಯಲ್ಲಿ ತುಳುವೋ ಕೊಂಕಣಿಯೋ ಆಡಿ, ಬೀದಿಯಲ್ಲಿ ಕನ್ನಡ ಕಲಿಯುವ ಮಕ್ಕಳು ಲಕ್ಷ ಲಕ್ಷ. ಬೆಂಗಳೂರಿನ ವಠಾರದ ಮಕ್ಕಳನ್ನು ಕೇಳುವುದೇ ಬೇಡ. ಎರಡು ಭಾಷೆ ತೊಂದರೆ ಕೊಡುವುದಾಗಿದ್ದರೆ ಅರ್ಧ ಕರ್ನಾಟಕ ಮೂಕವಾಗಿರಬೇಕಿತ್ತು. ‘ಒಂದೇ ಭಾಷೆ ಮಾತಾಡಿ’ ಅನ್ನುವ ಸಲಹೆಯಿಂದ ನಷ್ಟವೇ ಜಾಸ್ತಿ. ಅಜ್ಜಿಯನ್ನು ತೆಲುಗು ಬಿಡಿ ಅಂದರೆ ಅವರು ಕನ್ನಡದಲ್ಲಿ ಮಾತಾಡುವುದಿಲ್ಲ, ಮಾತಾಡುವುದನ್ನೇ ಕಡಿಮೆ ಮಾಡುತ್ತಾರೆ. ದಿನವಿಡೀ ಮಗುವಿನ ಜೊತೆ ಇರುವುದು ಅವರೇ. ನನ್ನದೊಂದು ಸ್ವಂತ ಅಭಿಪ್ರಾಯ: ನಿಮಗೂ ತೆಲುಗೇ ಸಲೀಸಾಗಿ ಬರುವುದಾದರೆ ನೀವೂ ತೆಲುಗಿನಲ್ಲೇ ಮುದ್ದು ಮಾಡಿ. ಕನ್ನಡವನ್ನು ಓಣಿ, ಅಂಗನವಾಡಿ, ಶಾಲೆ ಧಾರಾಳವಾಗಿ ಕಲಿಸುತ್ತವೆ. ಮಗುವಿಗೆ ಬೇಕಾದದ್ದು ಬಾಯಿ ತುಂಬ ಬರುವ ಭಾಷೆ.

ನೀವು ಕೆಲಸಕ್ಕೆ ಹೋಗುವುದೂ ಪಟ್ಟಿಯಲ್ಲಿ ಇರಬೇಕಾದ್ದಲ್ಲ. ಓಣಿಯವರಿಗೆ ಬೇರೆ ಕೆಲಸ ಇಲ್ಲ. ಮಗುವಿನ ಜೊತೆ ದಿನಕ್ಕೆ ಎಷ್ಟು ಮಾತುಕತೆ ನಡೆಯುತ್ತದೆ ಅನ್ನುವುದು ಮುಖ್ಯ, ಯಾರ ಬಾಯಿಂದ ಅನ್ನುವುದಲ್ಲ. ಬಡತನ, ಅಪ್ಪ ಅಮ್ಮನ ಓದು ಇವೂ ಅಪಾಯದ ಅಂಶಗಳ ಪಟ್ಟಿಯಲ್ಲಿ ಬರುತ್ತವೆ, ನಿಜ. ಆದರೆ ಬಹುಮಟ್ಟಿಗೆ ಅವು ಕೆಲಸ ಮಾಡುವುದೂ ಈ ದಾರಿಯಿಂದಲೇ: ದುಡಿದು ಸುಸ್ತಾದ ಮನೆಯಲ್ಲಿ ಮಾತಿಗೆ ಪುರುಸೊತ್ತಿರುವುದಿಲ್ಲ. ಇನ್ನೊಂದನ್ನು ಕೇಳಲೇಬೇಕು. ಆ 11 ದಿನ ಪೆಟ್ಟಿಗೆ ಹೊರಗೆ ನಿಂತು ಕಳೆದವರು ನೀವು. ಆಮೇಲೆ ನೀವು ಹೇಗಿದ್ದಿರಿ? ನಿದ್ದೆ ಬಾರದೆ, ಯಾವುದೂ ಬೇಡ ಅನಿಸಿ ತಿಂಗಳುಗಟ್ಟಲೆ ಕಳೆದಿದ್ದರೆ, ಈಗಲೂ ಹಾಗಿದ್ದರೆ, ಅದಕ್ಕೂ ಚಿಕಿತ್ಸೆ ಇದೆ. ಮಂಕಾದ ತಾಯಿ ಕಡಿಮೆ ಮಾತಾಡುತ್ತಾಳೆ, ಅಷ್ಟೇ. ಅದು ಅವಳ ಗುಣವಲ್ಲ, ಕಾಯಿಲೆ.

ಫೋನ್ ಬಗ್ಗೆ ನಾನು ಊರೆಲ್ಲ ಬೈಯುವಷ್ಟು ಬೈಯುವುದಿಲ್ಲ. ಜಾಸ್ತಿ ನೋಡುವ ಮಕ್ಕಳಲ್ಲಿ ಮಾತು ಹಿಂದೆ ಇರುವುದು ಹೌದು. ಆದರೆ ಮಾತಾಡದ ಮಗುವನ್ನು ಸುಮ್ಮನಿರಿಸಲು ಫೋನ್ ಕೊಡುವುದೂ ಉಂಟು. ಹಾಗಾಗಿ ಯಾವುದು ಮೊದಲು ಅನ್ನುವುದು ಬಿಡಿಸಲಾಗದ ಗಂಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದ ತನಕ ಪರದೆ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಪರದೆಯ ದೊಡ್ಡ ದೋಷ ಅದು ಉತ್ತರ ಕೊಡುವುದಿಲ್ಲ ಅನ್ನುವುದು. ಮಗು ‘ಬೌ ಬೌ’ ಅಂದರೆ ರೈಮ್ಸ್ ನಿಲ್ಲುವುದಿಲ್ಲ. ನೀವು ‘ಹೌದು, ದೊಡ್ಡ ಬೌ ಬೌ, ಓಡಿಹೋಯ್ತು’ ಅನ್ನುತ್ತೀರಿ. ಊಟದ ಹೊತ್ತು ದಿನದಲ್ಲಿ ಅತಿ ಹೆಚ್ಚು ಮಾತು ಹುಟ್ಟಬೇಕಾದ ಹೊತ್ತು. ಬೇಕು, ಬೇಡ, ಬಿಸಿ, ಖಾರ, ಇನ್ನೂ, ಸಾಕು, ಚೆಲ್ತು. ಆ ಹೊತ್ತನ್ನೇ ಫೋನಿಗೆ ಕೊಟ್ಟಿದ್ದೀರಿ. ಅದೊಂದನ್ನು ವಾಪಸ್ ತೆಗೆದುಕೊಳ್ಳಿ. ಮೂರು ನಾಲ್ಕು ದಿನ ರಂಪ ಮಾಡುತ್ತಾನೆ, ಕಡಿಮೆ ಉಣ್ಣುತ್ತಾನೆ, ಏನೂ ಆಗುವುದಿಲ್ಲ.

ಬಜೆ ಬೇಡ. ನಾಲಿಗೆಗೆ ಚುರುಕು ಮುಟ್ಟಿಸಿದರೆ ಮಾತು ಬರುತ್ತದೆ ಅನ್ನುವುದು ಹಳೆಯ ನಂಬಿಕೆ. ಮಾತು ಹುಟ್ಟುವುದು ನಾಲಿಗೆಯಲ್ಲಲ್ಲ. ಹಾಗೇ ಯಾರಾದರೂ ‘ನಾಲಿಗೆ ಕೆಳಗಿನ ದಾರ ಕತ್ತರಿಸಿ, ಮಾತು ಬರುತ್ತೆ’ ಅಂದರೆ ಒಪ್ಪಬೇಡಿ. ನಾಲಿಗೆ ಅಂಟಿಕೊಂಡಿದ್ದರೆ ಒಂದೆರಡು ಅಕ್ಷರ ಸ್ಪಷ್ಟ ಆಗದಿರಬಹುದು. ಶಬ್ದಗಳೇ ಬಾರದಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನೀವು ಕೇಳಿಲ್ಲ, ಆದರೆ ಮನಸ್ಸಲ್ಲಿ ಆಟಿಸಂ ಅನ್ನುವ ಪದ ಸುಳಿದಿರುತ್ತದೆ. ಕಾಗದ ನೋಡಿದರೆ ಆ ಕಡೆಯ ಸುಳಿವು ಹೆಚ್ಚಿಲ್ಲ. ಬೆರಳು ಮಾಡಿ ತೋರಿಸುತ್ತಾನೆ ಅಂದಿರಿ. ಒಂದು ಸಣ್ಣ ವ್ಯತ್ಯಾಸ ಗಮನಿಸಿ. ಬಿಸ್ಕತ್ತು ಬೇಕು ಅಂತ ತೋರಿಸುವುದು ಒಂದು. ಆಕಾಶದಲ್ಲಿ ಹೋಗುವ ವಿಮಾನ ತೋರಿಸಿ, ನೀವೂ ನೋಡಿದಿರಾ ಅಂತ ನಿಮ್ಮ ಮುಖ ನೋಡುವುದು ಇನ್ನೊಂದು. ಎರಡನೆಯದು ಇದ್ದರೆ ನನಗೆ ನೆಮ್ಮದಿ. ಬರುತ್ತಿದ್ದ ಮಾತು ನಿಂತುಹೋದರೆ ಮಾತ್ರ, ಒಂದೇ ಶಬ್ದ ಆದರೂ ಸರಿ, ಒಂದು ವಾರವೂ ತಡ ಮಾಡಬಾರದು.

ಎಲ್ಲಿಗೆ ಹೋಗುವುದು? ಮೊದಲು ನಿಮ್ಮ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಶ್ರವಣ ದೋಷ, ಮಾತು ತಡವಾಗುವುದು ಎರಡೂ ಅದರ ಪಟ್ಟಿಯಲ್ಲಿವೆ. ಅವರು ಬರಲಿ ಅಂತ ಕಾಯಬೇಕಿಲ್ಲ. ಜಿಲ್ಲಾಸ್ಪತ್ರೆಗೆ ಹೋಗಿ, ಮಕ್ಕಳ ಬೆಳವಣಿಗೆ ನೋಡುವ ಕೇಂದ್ರ ಯಾವ ಕಡೆ ಅಂತ ವಿಚಾರಿಸಿ. ಒಂದೇ ಕಡೆ ಕಿವಿ, ಮಾತು, ಬುದ್ಧಿ ಎಲ್ಲ ಕೂಲಂಕಷವಾಗಿ ಆಗಬೇಕು ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ಚಳ್ಳಕೆರೆಯಿಂದ ದೂರ, ಗೊತ್ತು. ಆದರೆ ಅಲ್ಲಿ ಬೆರಾ ಮತ್ತು ಭಾಷೆಯ ಪರೀಕ್ಷೆ ಎರಡೂ ಆಗುತ್ತವೆ.

ಕಿವಿ ಸರಿ ಇದೆ ಅಂತ ಬಂದರೆ ವಾಕ್ ಚಿಕಿತ್ಸಕರು ಮನೆಯಲ್ಲಿ ಮಾಡುವಂಥದ್ದನ್ನೇ ಹೇಳಿಕೊಡುತ್ತಾರೆ. ಈಗಲೇ ಒಂದು ಅಭ್ಯಾಸ ಶುರು ಮಾಡಿ. ‘ಇದೇನು? ಹೇಳು, ಹೇಳು’ ಅಂತ ಪರೀಕ್ಷೆ ಮಾಡುವುದನ್ನು ನಿಲ್ಲಿಸಿ. ಅವನು ಏನನ್ನು ನೋಡುತ್ತಿದ್ದಾನೋ ಅದರ ಬಗ್ಗೆ ಎರಡು ಮೂರು ಶಬ್ದ ನೀವೇ ಹೇಳಿ. ಆಮೇಲೆ ಸುಮ್ಮನಾಗಿ ಐದರ ತನಕ ಮನಸ್ಸಲ್ಲೇ ಎಣಿಸಿ. ಅಮ್ಮಂದಿರಿಗೆ ಈ ಸುಮ್ಮನಿರುವುದೇ ಭಾರಿ ಕಷ್ಟ. ಅವನು ‘ಹಾಲು’ ಅಂದರೆ ನೀವು ‘ಬಿಸಿ ಹಾಲು’ ಅನ್ನಿ. ಅವನದಕ್ಕೆ ಒಂದು ಸೇರಿಸಿ, ಹತ್ತು ಸೇರಿಸಬೇಡಿ.

ಬೆರಾ ದಿನದ ಬಗ್ಗೆ ಒಂದು ಗುಟ್ಟು. ಮಗು ಮಲಗಲೇಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಾತ್ರ ನಿದ್ದೆ ಮಾಡಲು ಬಿಡಬೇಡಿ. ಇಲ್ಲದಿದ್ದರೆ ಅಲ್ಲಿ ಕಣ್ಣು ಪಿಳಿಪಿಳಿ ಬಿಟ್ಟು ಕೂರುತ್ತಾನೆ, ಇನ್ನೊಂದು ದಿನ ಬನ್ನಿ ಅಂತಾರೆ. ಬೇಕಾದರೆ ನಿದ್ದೆಗೆ ಸಿರಪ್ ಅವರೇ ಕೊಡುತ್ತಾರೆ, ನೀವಾಗಿ ಏನೂ ಕುಡಿಸಬೇಡಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ. ಮತ್ತೆ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಿಮಗೆ ಗೊತ್ತಿರುವ ತೆಲುಗು ಮಾತು ನಾಲ್ಕು. ಹಗಲೆಲ್ಲ ಅವನ ಜೊತೆ ಇರುವ ಅವರಿಗೆ ಇನ್ನೂ ನಾಲ್ಕು ಗೊತ್ತಿದ್ದರೂ ಇರಬಹುದು.